ಎಂಜಿನ್‌ನಿಂದ ಚಕ್ರದ ತನಕ ಎಷ್ಟು ಹಾರ್ಸ್‌ಪವರ್ ಸೋರುತ್ತಿದೆ? ಡೈನೋ ಮೇಲೆ ಸರಿಯಾಗಿ ಅಳೆಯುವ ಸಮಗ್ರ ಮಾರ್ಗದರ್ಶಿ

"ಬ್ರೋಷರ್‌ನಲ್ಲಿ 230 ಇದೆ, ಡೈನೋ 188 ತೋರಿಸಿತು. ಉಳಿದ 42 ಎಲ್ಲಿ ಹೋಯಿತು?" ಈ ಪ್ರಶ್ನೆ ನನ್ನ ಹತ್ತಿರ ಬರುತ್ತಲೇ ಇರುತ್ತದೆ. (ಡೈನೋ ಅಂದರೆ ಕಾರನ್ನು ನಿಂತಲ್ಲೇ ಓಡಿಸಿ, ಚಕ್ರಕ್ಕೆ ತಲುಪುವ ಪವರ್ ಅಳೆಯುವ ಯಂತ್ರ.) ಎಡವುವುದೂ ಎಲ್ಲರೂ ಒಂದೇ ಕಡೆ. ಬ್ರೋಷರ್ ಅಂಕಿಯಿಂದ ಡೈನೋ ಅಂಕಿ ಕಳೆಯುತ್ತಾರೆ, ಉಳಿದದ್ದೆಲ್ಲ ಗೇರ್‌ಬಾಕ್ಸ್ ನುಂಗಿತು ಅಂದುಕೊಳ್ಳುತ್ತಾರೆ. ಆಮೇಲೆ ಗೇರ್ ಆಯಿಲ್ ಬದಲಿಸಿ, ಕ್ಲಚ್ ಬದಲಿಸಿ ದುಡ್ಡು ಸುರಿಯುತ್ತಾರೆ. ಮುಂದಿನ ಸಲವೂ ಡೈನೋ ಅದೇ 188 ತೋರಿಸುತ್ತದೆ.

ಇನ್ನು ಕೆಲವರು ಬಾಯಿಪಾಠದ ಲೆಕ್ಕ ಹಿಡಿಯುತ್ತಾರೆ. ಮ್ಯಾನುಯಲ್‌ಗೆ 15 ಪರ್ಸೆಂಟ್, ಆಟೊಮ್ಯಾಟಿಕ್‌ಗೆ 20, ಆಲ್ ವ್ಹೀಲ್ ಡ್ರೈವ್‌ಗೆ 25. ಇದೂ ಕೈ ಕೊಡುತ್ತದೆ. ಯಾಕೆ ಅಂತ 8ನೇ ಹಂತದಲ್ಲಿ ಲೆಕ್ಕ ಮಾಡಿಯೇ ತೋರಿಸುತ್ತೇನೆ.

ನಾನು ಹೇಳುವುದು ಇಷ್ಟೇ. ನಷ್ಟವನ್ನು ಊಹಿಸಬೇಡಿ, ಅಳೆಯಿರಿ. ಅದೇ ಕಾರು, ಅದೇ ದಿನ, ಅದೇ ರೋಲರ್ ಮೇಲೆ. ಉದಾಹರಣೆಗೆ ನಮ್ಮಲ್ಲಿ ಟ್ಯೂನಿಂಗ್ ಪ್ರಿಯರು ತುಂಬಾ ಇಷ್ಟಪಡುವ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230 ತೆಗೆದುಕೊಂಡಿದ್ದೇನೆ. 2 ಲೀಟರ್ ಟರ್ಬೊ ಪೆಟ್ರೋಲ್, 230 ಪಿಎಸ್, 350 ನ್ಯೂಟನ್ ಮೀಟರ್ ಟಾರ್ಕ್, 6 ಗೇರ್‌ಗಳ ಡಿಎಸ್‌ಜಿ (ಎರಡು ಕ್ಲಚ್ ಇರುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್), ಮುಂದಿನ ಚಕ್ರಗಳಿಗೆ ಮಾತ್ರ ಶಕ್ತಿ. ಡೈನೋ ಅಂಕಿಗಳನ್ನು ಲೆಕ್ಕ ಅರ್ಥವಾಗಲಿ ಅಂತ ನಾನೇ ಇಟ್ಟುಕೊಂಡಿದ್ದೇನೆ. ನಿಮ್ಮ ಅಂಕಿ ಹಾಕಿ ನೀವೇ ಮಾಡಿ ನೋಡಿ.

## ಮೊದಲು ಕೈಯಲ್ಲಿ ಇರಬೇಕಾದದ್ದು

ಒಂದು ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್‌ನಿಂದ ಅಂಕಿ ಓದುವ ಉಪಕರಣ), ಅದರಲ್ಲಿ ಡೇಟಾ ಲಾಗ್ ಮಾಡುವ ಸೌಲಭ್ಯ ಇರಲೇಬೇಕು. ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್. ಒಳ್ಳೆಯ ಟೈರ್ ಪ್ರೆಶರ್ ಗೇಜ್. ಒಂದು ನೋಟ್‌ಬುಕ್. ಇಷ್ಟು ಸಾಕು.

ಡೈನೋ ನಡೆಸುವವರಿಂದ ಎರಡು ವಿಷಯ ಮುಂಚೆಯೇ ಕೇಳಿಟ್ಟುಕೊಳ್ಳಿ: ಅವರ ರೋಲರ್‌ನ ಇನರ್ಷಿಯಾ (ವೇಗ ಬದಲಾಗುವುದನ್ನು ತಡೆಯುವ ಜಡತ್ವ) ಎಷ್ಟು ಕಿಲೋ ತೂಕಕ್ಕೆ ಸಮ, ಮತ್ತು ಕೋಸ್ಟ್ ಡೌನ್ (ನ್ಯೂಟ್ರಲ್‌ನಲ್ಲಿ ರೋಲರ್ ತಾನಾಗಿ ನಿಧಾನ ಆಗಲು ಬಿಡುವುದು) ಮಾಡಲು ಬಿಡುತ್ತಾರಾ. ಎರಡನೆಯದಕ್ಕೆ ಇಲ್ಲ ಅಂದರೆ ಬೇರೆ ಡೈನೋ ಹುಡುಕಿ. ಕೋಸ್ಟ್ ಡೌನ್ ಇಲ್ಲದೆ ಈ ಕೆಲಸ ಆಗುವುದಿಲ್ಲ.

## ಹಂತ 1: ಬ್ರೋಷರ್ ಅಂಕಿಯನ್ನು ಸರಿಯಾಗಿ ಓದಿ

ಪಿಎಸ್ ಬೇರೆ, ಎಚ್‌ಪಿ ಬೇರೆ. 1 ಪಿಎಸ್ ಅಂದರೆ 735.5 ವ್ಯಾಟ್. 1 ಎಚ್‌ಪಿ ಅಂದರೆ 745.7 ವ್ಯಾಟ್. ನಮ್ಮ 230 ಪಿಎಸ್ ಕಾರು ಎಚ್‌ಪಿಯಲ್ಲಿ 227. ಡೈನೋ ಶೀಟ್‌ನಲ್ಲಿ ಸಾಮಾನ್ಯವಾಗಿ ಎಚ್‌ಪಿ ಇರುತ್ತದೆ. ಅಂದರೆ ಕಾರು ರೋಲರ್ ಹತ್ತುವ ಮೊದಲೇ 3 "ಕಳೆದುಹೋಗಿವೆ". ಶೀಟ್‌ನ ಮೂಲೆಯಲ್ಲಿ ಯಾವ ಅಳತೆ ಅಂತ ಬರೆದಿರುತ್ತದೆ, ನೋಡಿಕೊಳ್ಳಿ.

ಇನ್ನೊಂದು ಮಾತು. ಒಂದೇ ಮಾಡೆಲ್‌ನ ಎರಡು ಕಾರು ಕೂಡ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಪವರ್ ಕೊಡುವುದಿಲ್ಲ. ಬ್ರೋಷರ್ ಅಂಕಿ ದಾರಿ ತೋರಿಸುವ ಕಂಬ ಇದ್ದ ಹಾಗೆ. ಅದನ್ನೇ ತಕ್ಕಡಿ ಮಾಡಿಕೊಳ್ಳಬೇಡಿ.

## ಹಂತ 2: ಕಾರು ಸಿದ್ಧ ಮಾಡಿ

ಮೂರು ಕೆಲಸ ಇವೆ. ಪೆಟ್ರೋಲ್ ಮುಚ್ಚಳದ ಒಳಗೆ ಬರೆದಿರುವ ಆಕ್ಟೇನ್‌ಗೆ ತಕ್ಕ ಇಂಧನ ಹಾಕಿ. ಕಡಿಮೆ ಆಕ್ಟೇನ್ ಇದ್ದರೆ ನಾಕಿಂಗ್ (ಇಂಧನ ತಾನಾಗಿ ಹೊತ್ತಿಕೊಂಡು ಬಡಿಯುವುದು) ತಪ್ಪಿಸಲು ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಕ್ಷಣ) ಹಿಂದಕ್ಕೆ ಎಳೆಯುತ್ತದೆ. ಪವರ್ ಎಂಜಿನ್‌ನಲ್ಲೇ ಬೀಳುತ್ತದೆ, ಬೈಗುಳ ಗೇರ್‌ಬಾಕ್ಸ್‌ಗೆ ಬೀಳುತ್ತದೆ.

ಟೈರ್ ತಣ್ಣಗಿರುವಾಗಲೇ ಬಾಗಿಲ ಹತ್ತಿರದ ಸ್ಟಿಕರ್‌ನಲ್ಲಿ ಬರೆದಷ್ಟು ಗಾಳಿ ತುಂಬಿ. ಟೈರ್‌ನ ಗೆರೆಗಳಲ್ಲಿ ಸಿಕ್ಕಿಕೊಂಡ ಕಲ್ಲುಗಳನ್ನು ತೆಗೆಯಿರಿ. ರೋಲರ್ ಮೇಲೆ 150 ಕಿ.ಮೀ. ವೇಗದಲ್ಲಿ ಒಂದು ಸಣ್ಣ ಕಲ್ಲು ಹಾರಿದರೂ ಪೆಟ್ಟು ಜೋರಾಗಿಯೇ ಬೀಳುತ್ತದೆ. ಟೈರ್ ಹಳೆಯದಾಗಿ ಬದಿ ಬಿರುಕು ಬಿಟ್ಟಿದ್ದರೆ ಡೈನೋಗೆ ಹೋಗಲೇಬೇಡಿ.

ಕೊನೆಯದು, 20-30 ನಿಮಿಷ ಕಾರು ಓಡಿಸಿಕೊಂಡೇ ಡೈನೋಗೆ ಹೋಗಿ. ನಿಂತಲ್ಲೇ ಎಂಜಿನ್ ಚಾಲೂ ಇಟ್ಟರೆ ಕೂಲೆಂಟ್ ಬಿಸಿಯಾಗುತ್ತದೆ, ಗೇರ್ ಆಯಿಲ್ ಆಗುವುದಿಲ್ಲ. ತಣ್ಣಗಿನ ಗೇರ್ ಆಯಿಲ್ ದಪ್ಪಗಿರುತ್ತದೆ, ಅದನ್ನು ಕಡೆಯಲಿಕ್ಕೇ ಪವರ್ ಜಾಸ್ತಿ ಬೇಕು. ಮೊದಲ ರನ್‌ಗಿಂತ (ಪೆಡಲ್ ಪೂರ್ತಿ ಒತ್ತಿ ಡೈನೋ ಮೇಲೆ ಒಮ್ಮೆ ಓಡಿಸುವುದಕ್ಕೆ ರನ್ ಅನ್ನುತ್ತಾರೆ) ಮೂರನೆಯದು ಚೆನ್ನಾಗಿ ಬಂದರೆ ಇದೇ ಕಾರಣ ಇರಬಹುದು.

## ಹಂತ 3: ಯಾವ ಡೈನೋ ಅಂತ ತಿಳಿದುಕೊಳ್ಳಿ

ಬರೀ ಭಾರವಾದ ರೋಲರ್ ಇರುವ ಇನರ್ಷಿಯಾ ಡೈನೋ, ಬ್ರೇಕ್‌ನಂತೆ ಭಾರ ಹೇರುವ ಎಡ್ಡಿ ಕರೆಂಟ್ ಡೈನೋ, ಚಕ್ರ ಬಿಚ್ಚಿ ಹಬ್‌ಗೇ ನೇರವಾಗಿ ಜೋಡಿಸುವ ಹಬ್ ಡೈನೋ. ಈ ಮೂರೂ ಒಂದೇ ಕಾರಿಗೆ ಮೂರು ಬೇರೆ ಅಂಕಿ ಕೊಡುತ್ತವೆ. ಹಬ್ ಡೈನೋದಲ್ಲಿ ಟೈರ್ ಲೆಕ್ಕಕ್ಕೇ ಬರುವುದಿಲ್ಲ, ಹಾಗಾಗಿ ಅಂಕಿ ಜಾಸ್ತಿ ಕಾಣುತ್ತದೆ. ಗೆಳೆಯನ ಕಾರು ಬೇರೆ ಊರಿನ ಬೇರೆ ಡೈನೋದಲ್ಲಿ 205 ತೋರಿಸಿತು ಅಂತ ತಲೆ ಕೆಡಿಸಿಕೊಳ್ಳಬೇಡಿ. ಯಾವುದೋ ಒಂದು ಡೈನೋ ಹಿಡಿಯಿರಿ, ಕೊನೆಯ ತನಕ ಅದನ್ನೇ ಬಳಸಿ.

ಇಲ್ಲೊಂದು ಎಚ್ಚರಿಕೆ. ಆಲ್ ವ್ಹೀಲ್ ಡ್ರೈವ್ ಕಾರನ್ನು ಎರಡೇ ಚಕ್ರದ ರೋಲರ್ ಮೇಲೆ ಹತ್ತಿಸಬೇಡಿ. ರೋಲರ್ ಮೇಲಿನ ಚಕ್ರ ಜಾರುತ್ತಿದೆ ಅಂದುಕೊಂಡು ಸಿಸ್ಟಮ್ ನೆಲದ ಮೇಲಿರುವ ಚಕ್ರಗಳಿಗೆ ಟಾರ್ಕ್ ಕಳಿಸುತ್ತದೆ. ಕಾರು ರೋಲರ್‌ನಿಂದ ಹಾರಿ ಹೊರಗೆ ಬರಬಹುದು, ಇಲ್ಲವೇ ಟ್ರಾನ್ಸ್‌ಫರ್ ಕ್ಲಚ್ ಸುಟ್ಟುಹೋಗಬಹುದು. ನಾಲ್ಕೂ ಚಕ್ರಕ್ಕೆ ರೋಲರ್ ಇರುವ, ಮುಂದಿನ ಮತ್ತು ಹಿಂದಿನ ರೋಲರ್ ಒಂದೇ ವೇಗದಲ್ಲಿ ಓಡುವಂತೆ ಕಟ್ಟಿದ ಡೈನೋ ಮಾತ್ರ ಬಳಸಿ.

## ಹಂತ 4: ಪಟ್ಟಿ, ಫ್ಯಾನ್, ಗೇರ್

ಕಾರನ್ನು ಕಟ್ಟುವ ಪಟ್ಟಿ ಬಿಗಿಯಾದಷ್ಟೂ ಟೈರ್ ರೋಲರ್‌ಗೆ ಒತ್ತಿಕೊಂಡು ಪವರ್ ತಿನ್ನುತ್ತದೆ. ಸಡಿಲವಾದರೆ ಟೈರ್ ಜಾರುತ್ತದೆ. ಸರಿಯಾದ ಬಿಗಿ ಸಿಕ್ಕ ಮೇಲೆ ಪಟ್ಟಿಯ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದಿಡಿ. ಮುಂದಿನ ಸಲ ಅದೇ ಗೆರೆ. ಈ ಒಂದು ಗೆರೆ ಇಲ್ಲದ ಕಾರಣಕ್ಕೇ ಎಷ್ಟೋ "ಮೊದಲು-ನಂತರ" ಹೋಲಿಕೆ ಹಾಳಾಗುತ್ತವೆ.

ಫ್ಯಾನ್‌ನ ಗಾಳಿ ಇಂಟರ್‌ಕೂಲರ್‌ಗೆ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣ್ಣಗೆ ಮಾಡುವ ಭಾಗ) ನೇರವಾಗಿ ಹೊಡೆಯಬೇಕು. ಬಾನೆಟ್ ಎತ್ತಿ ಎಂಜಿನ್‌ಗೆ ಗಾಳಿ ಬಿಟ್ಟರೆ ಸಾಲದು.

ಗೇರ್ ರೇಶಿಯೋ 1ಕ್ಕೆ 1 ಹತ್ತಿರ ಇರುವುದನ್ನು ಆರಿಸಿ. ಸಾಮಾನ್ಯವಾಗಿ ಅದು 4ನೇ ಗೇರ್. ಕೆಳಗಿನ ಗೇರ್‌ನಲ್ಲಿ ಎಂಜಿನ್ ಬೇಗ ಬೇಗ ಏರುತ್ತದೆ. ಫ್ಲೈವ್ಹೀಲ್, ಶಾಫ್ಟ್, ಚಕ್ರಗಳನ್ನು ಜೋರಾಗಿ ತಿರುಗಿಸಲಿಕ್ಕೇ ಪವರ್ ಹೋಗುತ್ತದೆ. ಅದು ಘರ್ಷಣೆಯ ನಷ್ಟ ಅಲ್ಲ, ಆದರೆ ಡೈನೋ ಅದನ್ನೂ ನಷ್ಟದ ಹಾಗೆ ತೋರಿಸುತ್ತದೆ. ಹಗುರ ಅಲಾಯ್ ಹಾಕಿದ ಮೇಲೆ ಇನರ್ಷಿಯಾ ಡೈನೋದಲ್ಲಿ ಅಂಕಿ ಏರುವುದೂ ಇದೇ ಕಾರಣಕ್ಕೆ.

ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಿ. ಕೆಲವು ಕಾರುಗಳಲ್ಲಿ ಬಟನ್ ಒತ್ತಿದರೂ ಅದು ಪೂರ್ತಿ ಆಫ್ ಆಗುವುದಿಲ್ಲ. ಮುಂದಿನ ಚಕ್ರ ತಿರುಗುತ್ತಿದೆ, ಹಿಂದಿನದು ನಿಂತಿದೆ ಅಂತ ಕಂಡು ಇಸಿಯು ಥ್ರಾಟಲ್ ಮುಚ್ಚಿಬಿಡುತ್ತದೆ. ಇದು ಲಾಗ್‌ನಲ್ಲಿ ಗೊತ್ತಾಗುತ್ತದೆ.

## ಹಂತ 5: ರನ್ ಮತ್ತು ಲಾಗ್

ಡಿಎಸ್‌ಜಿ ಇದ್ದರೆ ಮ್ಯಾನುಯಲ್ ಮೋಡ್‌ಗೆ ಹಾಕಿ. ಪೆಡಲ್ ಕೊನೆಯಲ್ಲಿ ಒಂದು "ಟಿಕ್" ಸಿಗುತ್ತದೆ ಅಲ್ವಾ, ಅದೇ ಕಿಕ್‌ಡೌನ್ ಸ್ವಿಚ್. ಅದಕ್ಕೆ ಸ್ವಲ್ಪ ಮುಂಚೆ ಕಾಲು ನಿಲ್ಲಿಸಿ. ಒತ್ತಿಬಿಟ್ಟರೆ ರನ್ ನಡುವೆ ಗೇರ್ ಇಳಿಯುತ್ತದೆ, ಗ್ರಾಫ್ ಪೂರ್ತಿ ಕೆಡುತ್ತದೆ.

ಲಾಗ್ ಮಾಡಬೇಕಾದದ್ದು: ಎಂಜಿನ್ ಆರ್‌ಪಿಎಂ, ಚಕ್ರದ ವೇಗ, ಥ್ರಾಟಲ್, ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ), ಒಳಗೆ ಹೋಗುವ ಗಾಳಿಯ ಉಷ್ಣಾಂಶ, ಇಗ್ನಿಷನ್ ಟೈಮಿಂಗ್. ಮೂರು ರನ್ ಮಾಡಿ. ಪ್ರತಿ ರನ್ ನಡುವೆ ಒಳಗಾಳಿಯ ಉಷ್ಣಾಂಶ ಮತ್ತೆ ಅದೇ ಮಟ್ಟಕ್ಕೆ ಇಳಿಯುವ ತನಕ ಕಾಯಿರಿ. ಅವಸರ ಬೇಡ.

ರನ್ ಮೇಲೆ ರನ್ ಪವರ್ ಇಳಿಯುತ್ತಾ ಹೋದರೆ ಲಾಗ್ ನೋಡಿ. ಒಳಗಾಳಿ ಬಿಸಿಯಾಗಿ ಟೈಮಿಂಗ್ ಹಿಂದಕ್ಕೆ ಹೋಗಿದ್ದರೆ ತೊಂದರೆ ಎಂಜಿನ್ ಕಡೆಯದು. ಅದನ್ನು ಸರಿ ಮಾಡದೆ ಮುಂದಿನ ಹಂತಕ್ಕೆ ಹೋಗಬೇಡಿ.

ರನ್ ನಡೆಯುವಾಗ ಪಟ್ಟಿಯ ಪಕ್ಕ, ಕಾರಿನ ಮುಂದೆ, ಹಿಂದೆ ಯಾರೂ ನಿಲ್ಲಬಾರದು. ವಿಡಿಯೋ ಮಾಡುವವರಿಗೂ ಇದೇ ಮಾತು.

## ಹಂತ 6: ಕೋಸ್ಟ್ ಡೌನ್, ಇಡೀ ಕೆಲಸದ ಜೀವಾಳ

ಪೂರ್ತಿ ರನ್ ಮುಗಿದ ತಕ್ಷಣ, ಬ್ರೇಕ್ ಮುಟ್ಟದೆ, ಗೇರ್ ನ್ಯೂಟ್ರಲ್‌ಗೆ ತನ್ನಿ. ರೋಲರ್ ತಾನಾಗಿಯೇ ನಿಧಾನ ಆಗಲಿ. ಅದನ್ನು ನಿಧಾನ ಮಾಡುತ್ತಿರುವುದು ಟೈರ್, ಬೇರಿಂಗ್, ಡ್ರೈವ್ ಶಾಫ್ಟ್, ಡಿಫರೆನ್ಷಿಯಲ್, ಗೇರ್‌ಬಾಕ್ಸ್ ಒಳಗಿನ ಎಣ್ಣೆ. ನಮಗೆ ಬೇಕಾದ ನಷ್ಟದ ದೊಡ್ಡ ಪಾಲು ಇಲ್ಲಿಯೇ ಇದೆ.

ಎಂಜಿನ್ ಮಾತ್ರ ಆಫ್ ಮಾಡಬೇಡಿ. ಈ ಡಿಎಸ್‌ಜಿಯಲ್ಲಿ, ಹಾಗೆಯೇ ಮಾಮೂಲಿ ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಭಾಗ) ಆಟೊಮ್ಯಾಟಿಕ್‌ಗಳಲ್ಲಿ, ಎಣ್ಣೆ ಪಂಪ್ ಓಡುವುದು ಎಂಜಿನ್‌ನಿಂದ. ಎಂಜಿನ್ ನಿಂತರೆ ತಿರುಗುತ್ತಿರುವ ಗೇರ್‌ಗಳಿಗೆ ಎಣ್ಣೆ ಸಿಗುವುದಿಲ್ಲ.

ಈಗ ಲೆಕ್ಕ. ರೋಲರ್‌ನ ಇನರ್ಷಿಯಾ 1200 ಕಿಲೋಗೆ ಸಮ ಅಂತಿಟ್ಟುಕೊಳ್ಳಿ. ವೇಗ 150ರಿಂದ 140 ಕಿ.ಮೀ.ಗೆ ಇಳಿಯಲು 6 ಸೆಕೆಂಡ್ ಹಿಡಿಯಿತು.

ಗಂಟೆಗೆ 10 ಕಿ.ಮೀ. ಅಂದರೆ ಸೆಕೆಂಡಿಗೆ 2.78 ಮೀಟರ್. ಅದನ್ನು 6ರಿಂದ ಭಾಗಿಸಿದರೆ 0.463. ಅದಕ್ಕೆ 1200 ಗುಣಿಸಿದರೆ ಸುಮಾರು 556 ನ್ಯೂಟನ್, ಇದು ಎಳೆತದ ಬಲ, ಅಂದರೆ ಚಕ್ರವನ್ನು ಹಿಂದಕ್ಕೆ ಎಳೆದು ನಿಧಾನ ಮಾಡುವ ತಡೆ. ನಡುವಿನ ವೇಗ 145 ಕಿ.ಮೀ., ಅಂದರೆ ಸೆಕೆಂಡಿಗೆ 40.3 ಮೀಟರ್. ಎರಡನ್ನೂ ಗುಣಿಸಿದರೆ 22.4 ಕಿಲೋವ್ಯಾಟ್, ಅಂದರೆ 30 ಎಚ್‌ಪಿ.

ಈ 22 ಕಿಲೋವ್ಯಾಟ್ ಎಷ್ಟು ಗೊತ್ತಾ? ಮನೆಯ 2 ಕಿಲೋವ್ಯಾಟ್ ಗೀಸರ್ ಹನ್ನೊಂದನ್ನು ಒಟ್ಟಿಗೆ ಹಚ್ಚಿದಷ್ಟು ಶಾಖ. ಕಳೆದುಹೋದ ಪವರ್ ಎಲ್ಲೂ ಮಾಯ ಆಗಿಲ್ಲ, ಬಿಸಿಯಾಗಿ ಎಲ್ಲೋ ಕೂತಿದೆ. ರೋಲರ್ ನಿಂತ ಮೇಲೆ ಟೈರ್‌ಗೆ ಥರ್ಮಾಮೀಟರ್ ಹಿಡಿಯಿರಿ. ತುಂಬಾ ಪಾಲು ಅಲ್ಲಿಯೇ ಇರುವುದು ಕಾಣುತ್ತದೆ. ರೋಲರ್ ಮೇಲೆ ಟೈರ್ ರಸ್ತೆಗಿಂತ ಜಾಸ್ತಿ ಮಡಚಿಕೊಳ್ಳುತ್ತದೆ, ಅದಕ್ಕೇ ಜಾಸ್ತಿ ಬಿಸಿ.

ಸಾಮಾನ್ಯ ತಪ್ಪು ಎರಡು. ಒಂದು, ರೋಲರ್‌ನ ಸ್ವಂತ ಬೇರಿಂಗ್ ನಷ್ಟವನ್ನು ಕಳೆಯದಿರುವುದು. ಬರೀ ರೋಲರ್‌ನ ಕೋಸ್ಟ್ ಡೌನ್ ಅಂಕಿ ಡೈನೋದವರ ಹತ್ತಿರ ಇರಬೇಕು, ಕೇಳಿ. ಎರಡು, ಚಕ್ರಗಳು ತಿರುಗುವ ಇನರ್ಷಿಯಾವನ್ನು ರೋಲರ್‌ನ ಲೆಕ್ಕಕ್ಕೆ ಸೇರಿಸದಿರುವುದು. ಅದು ಚಿಕ್ಕದು, ಆದರೆ ದೊಡ್ಡ ಅಲಾಯ್ ಇದ್ದರೆ ಬಿಡುವಂಥದ್ದಲ್ಲ. ಮೇಲಿನ 1200 ಮತ್ತು 30 ಇವೆರಡನ್ನೂ ಸರಿ ಮಾಡಿದ ಮೇಲಿನ ಅಂಕಿ ಅಂತ ಹಿಡಿದಿದ್ದೇನೆ.

## ಹಂತ 7: ಜಾರುತ್ತಿದೆಯಾ ನೋಡಿ

ಒಂದೇ ಗೇರ್‌ನಲ್ಲಿ ಆರ್‌ಪಿಎಂ ಮತ್ತು ರೋಲರ್ ವೇಗದ ಅನುಪಾತ ಬದಲಾಗಬಾರದು. ಸುಮ್ನೆ ಹಗುರವಾಗಿ ಪೆಡಲ್ ಒತ್ತಿ ಓಡಿಸುವಾಗ 4500 ಆರ್‌ಪಿಎಂಗೆ 120 ಕಿ.ಮೀ. ಇತ್ತು ಅನ್ನಿ. ಅನುಪಾತ 37.5. ಪೂರ್ತಿ ರನ್‌ನಲ್ಲಿ 5500ಕ್ಕೆ 146.7 ಬರಬೇಕಿತ್ತು. 143 ಬಂದರೆ ಅನುಪಾತ 38.5. ಅಂದರೆ ಸುಮಾರು 2.5 ಪರ್ಸೆಂಟ್ ಜಾರಾಟ, ಅಷ್ಟೇ ಪರ್ಸೆಂಟ್ ಪವರ್ ನೇರ ನಷ್ಟ. ಕೋಸ್ಟ್ ಡೌನ್‌ನಲ್ಲಿ ಇದು ಕಾಣುವುದೇ ಇಲ್ಲ.

ಜಾರುತ್ತಿರುವುದು ಯಾವುದು? ಲಾಗ್‌ನಲ್ಲಿ ಚಕ್ರದ ಸೆನ್ಸರ್ ವೇಗ ಇದೆಯಲ್ಲ, ಅದನ್ನು ನಡುವೆ ಇಡಿ. ಚಕ್ರದ ವೇಗ ಮತ್ತು ರೋಲರ್ ವೇಗ ಹೊಂದದಿದ್ದರೆ ಟೈರ್ ಜಾರುತ್ತಿದೆ. ಆರ್‌ಪಿಎಂ ಮತ್ತು ಚಕ್ರದ ವೇಗ ಹೊಂದದಿದ್ದರೆ ಕ್ಲಚ್ ಜಾರುತ್ತಿದೆ, ಅಥವಾ ಟಾರ್ಕ್ ಕನ್ವರ್ಟರ್ ಲಾಕ್ ಆಗಿಲ್ಲ. ರೀಮ್ಯಾಪ್ (ಪವರ್ ಹೆಚ್ಚಿಸಲು ಇಸಿಯು ಪ್ರೋಗ್ರಾಂ ಬದಲಿಸುವುದು) ಮಾಡಿಸಿದ ಕಾರಿನಲ್ಲಿ ಟಾರ್ಕ್ ತುದಿಗೆ ಬಂದಾಗ ಮಾತ್ರ ಅನುಪಾತ ಏರಿ ಆಮೇಲೆ ಸರಿಹೋದರೆ, ಕ್ಲಚ್ ಸೋಲುವ ಮೊದಲ ಸೂಚನೆ ಅದು. ಅಲ್ಲಿಗೇ ರನ್ ನಿಲ್ಲಿಸಿ.

## ಹಂತ 8: ಎಲ್ಲ ಕೂಡಿಸಿ

ಚಕ್ರದ ಪವರ್ 188 ಎಚ್‌ಪಿ, 145 ಕಿ.ಮೀ. ವೇಗದಲ್ಲಿ. ಅದೇ ವೇಗದಲ್ಲಿ ಎಳೆತದ ನಷ್ಟ 30. ಜಾರಾಟ ಇಲ್ಲ ಅಂತಿಟ್ಟುಕೊಳ್ಳಿ. ವೇಗ ಎರಡಕ್ಕೂ ಒಂದೇ ಇರಬೇಕು, ಇದು ಮುಖ್ಯ. 100 ಕಿ.ಮೀ. ವೇಗದ ನಷ್ಟ ತಂದು 145ಕ್ಕೆ ಕೂಡಿಸಿದರೆ ಲೆಕ್ಕ ಕೆಟ್ಟಿತು.

ಇನ್ನೊಂದು ನಷ್ಟ ಬಾಕಿ ಇದೆ. ಹಲ್ಲಿಗೆ ಹಲ್ಲು ಒತ್ತಿ ಭಾರ ದಾಟಿಸುವಾಗ ಆಗುವುದು. ನ್ಯೂಟ್ರಲ್‌ನಲ್ಲಿ ಭಾರ ಇರುವುದಿಲ್ಲ, ಹಾಗಾಗಿ ಕೋಸ್ಟ್ ಡೌನ್‌ಗೆ ಅದು ಸಿಗುವುದಿಲ್ಲ. ಓರೆ ಹಲ್ಲಿನ ಗೇರ್ ಜೋಡಿಗೆ 1ರಿಂದ 2 ಪರ್ಸೆಂಟ್. ಈ ಕಾರಿನಲ್ಲಿ ಅಂಥ ಎರಡು ಜೋಡಿ ಇವೆ, ಒಟ್ಟು 3 ಹಿಡಿಯೋಣ. ಹಿಂದಿನ ಚಕ್ರಕ್ಕೆ ಶಕ್ತಿ ಕೊಡುವ ಕಾರಿನಲ್ಲಿ ಹೈಪಾಯ್ಡ್ ಡಿಫರೆನ್ಷಿಯಲ್ ಇರುತ್ತದೆ, ಅಲ್ಲಿ ಹಲ್ಲುಗಳು ಒಂದರ ಮೇಲೊಂದು ಜಾರುವುದರಿಂದ ನಷ್ಟ ಇನ್ನೂ ಜಾಸ್ತಿ.

188 ಕೂಡಿಸು 30, ಒಟ್ಟು 218. ಅದನ್ನು 0.97ರಿಂದ ಭಾಗಿಸಿದರೆ ಎಂಜಿನ್ ಹತ್ತಿರ ಸುಮಾರು 225 ಎಚ್‌ಪಿ, ಅಂದರೆ 228 ಪಿಎಸ್. ಬ್ರೋಷರ್ 230 ಅಂದಿತ್ತು. ಕಾರಿಗೆ ಏನೂ ಆಗಿಲ್ಲ! ಒಟ್ಟು ನಷ್ಟ ಸುಮಾರು 37 ಎಚ್‌ಪಿ, 16 ಪರ್ಸೆಂಟ್.

ಈಗ ಅದೇ ಕಾರಿಗೆ ರೀಮ್ಯಾಪ್ ಮಾಡಿಸಿ, ಚಕ್ರದಲ್ಲಿ 225 ಎಚ್‌ಪಿ ಬಂತು ಅನ್ನಿ. ಬಾಯಿಪಾಠದವರು 16 ಪರ್ಸೆಂಟ್ ಹಿಡಿದು 268 ಅನ್ನುತ್ತಾರೆ. ಅಳೆದ ಲೆಕ್ಕದಲ್ಲಿ 225 ಕೂಡಿಸು 30, ಭಾಗಿಸು 0.97, ಬರುವುದು 263. ಎಂಜಿನ್ ಬಲ ಹೆಚ್ಚಿತು ಅಂತ ಎಣ್ಣೆ ಕಡೆಯುವ ಕೆಲಸ ಹೆಚ್ಚಾಗಲಿಲ್ಲ, ಬೇರಿಂಗ್ ಅದೇ, ವೇಗ ಅದೇ. ಪರ್ಸೆಂಟ್ ಲೆಕ್ಕದಲ್ಲಿ ಸುಮ್ಮನೆ 5 ಎಚ್‌ಪಿ ಹುಟ್ಟಿಕೊಂಡಿತು. ಪವರ್ ಏರಿದಷ್ಟೂ ಈ ಸುಳ್ಳು ದೊಡ್ಡದಾಗುತ್ತದೆ. 500 ಎಚ್‌ಪಿ ಕಾರುಗಳಲ್ಲಿ ಇದೇ ಜಗಳದ ಮೂಲ.

## ಹಂತ 9: ಕರೆಕ್ಷನ್ ಅಂಕಿ ಪರೀಕ್ಷಿಸಿ

ಬೆಂಗಳೂರಿನವರು ಇದನ್ನು ಎರಡು ಸಲ ಓದಿ. ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಸುಮಾರು 910 ಮಿಲಿಬಾರ್. ಮಂಗಳೂರಿನಲ್ಲಿ, ಚೆನ್ನೈಯಲ್ಲಿ ಅದು 1010ರ ಆಸುಪಾಸು. ಗಾಳಿ ತೆಳುವಾದಷ್ಟೂ ಟರ್ಬೊ ಇಲ್ಲದ ಎಂಜಿನ್‌ನ ಪವರ್ ಇಳಿಯುತ್ತದೆ. ಅದನ್ನು ಸರಿದೂಗಿಸಲು ಡೈನೋ ಸಾಫ್ಟ್‌ವೇರ್ ಒಂದು ಗುಣಕ ಹಾಕುತ್ತದೆ. 25 ಡಿಗ್ರಿ ಸೆಲ್ಸಿಯಸ್, 990 ಮಿಲಿಬಾರ್ ಒಣಗಾಳಿಗೆ ಹೊಂದಿಸುವ ಎಸ್‌ಎಇ ಜೆ1349 (ಅಮೆರಿಕದ ಎಂಜಿನಿಯರ್‌ಗಳ ಸಂಘದ ಮಾನದಂಡ) ಲೆಕ್ಕದಲ್ಲಿ, ಬೆಂಗಳೂರಿನ ಮಾಮೂಲಿ ದಿನ ಈ ಗುಣಕ ಸುಮಾರು 1.13 ಬರುತ್ತದೆ.

ಪೋರ್ಷೆ 911 ಜಿಟಿ3 ತರಹದ ಟರ್ಬೊ ಇಲ್ಲದ ಕಾರಿಗೆ ಇದು ಒಂದು ಮಟ್ಟಿಗೆ ಸರಿ. ಅಲ್ಲಿಯೂ ಹುಷಾರು. ಐಎಸ್‌ಒ 1585 ಅನ್ನುವ ಅಂತರರಾಷ್ಟ್ರೀಯ ಮಾನದಂಡ, ಪೆಟ್ರೋಲ್ ಎಂಜಿನ್‌ಗೆ ಈ ಗುಣಕ 0.93ರಿಂದ 1.07ರ ಒಳಗೇ ಇರಬೇಕು ಅನ್ನುತ್ತದೆ. 1.13 ಅದನ್ನು ಮೀರಿದ್ದು.

ಟರ್ಬೊ ಕಾರಿಗೆ ಇದನ್ನು ಹಾಕಿದರೆ ಪೂರ್ತಿ ದಾರಿ ತಪ್ಪುತ್ತದೆ. ವೇಸ್ಟ್‌ಗೇಟ್ (ಟರ್ಬೊ ಬಳಸದ ಹೊಗೆಯನ್ನು ಹೊರಗೆ ಬಿಡುವ ಕವಾಟ) ಮುಚ್ಚಿಕೊಂಡು ಟರ್ಬೊ ಇನ್ನಷ್ಟು ಜೋರಾಗಿ ತಿರುಗಿ, ಕಡಿಮೆಯಾದ ಒತ್ತಡವನ್ನು ಬಹುಪಾಲು ತುಂಬಿಕೊಡುತ್ತದೆ. ಅದರ ಮೇಲೆ ಮತ್ತೆ 1.13 ಗುಣಿಸಿದರೆ ನಮ್ಮ 188 ಒಮ್ಮೆಲೇ 212 ಆಗುತ್ತದೆ. "ನನ್ನ ಕಾರಿನಲ್ಲಿ ನಷ್ಟ ಬರೀ 6 ಪರ್ಸೆಂಟ್" ಅಂತ ಹೇಳುವ ಎಷ್ಟೋ ಜನರ ಶೀಟ್‌ನಲ್ಲಿ ನಾನು ಕಂಡದ್ದು ಇದೇ. ಟರ್ಬೊ ಕಾರಿಗೆ ಕರೆಕ್ಷನ್ ಇಲ್ಲದ ಅಂಕಿಯನ್ನೇ ಕೇಳಿ ಪಡೆಯಿರಿ. ಪಕ್ಕದಲ್ಲಿ ಅವತ್ತಿನ ಒತ್ತಡ, ಉಷ್ಣಾಂಶ ಬರೆದಿಡಿ. ಶೀಟ್‌ನಲ್ಲಿ "ಎಸ್‌ಟಿಡಿ" (ಇನ್ನೊಂದು ಕರೆಕ್ಷನ್ ಲೆಕ್ಕ) ಅಂತ ಇದ್ದರೆ ಅದು ಎಸ್‌ಎಇಗಿಂತ ಇನ್ನೂ ಸುಮಾರು 4 ಪರ್ಸೆಂಟ್ ಉಬ್ಬಿಸುತ್ತದೆ.

## ಹಂತ 10: ನಿಜವಾದ ಸೋರಿಕೆ ಇದ್ದರೆ ಹುಡುಕುವ ಕ್ರಮ

ಎಳೆತದ ನಷ್ಟ ಜಾಸ್ತಿ ಅಂತ ಹೇಗೆ ಗೊತ್ತಾಗುತ್ತದೆ? ಅದೇ ಡೈನೋದಲ್ಲಿ ಅದೇ ಮಾಡೆಲ್‌ನ ಇನ್ನೊಂದು ಕಾರಿನ ಕೋಸ್ಟ್ ಡೌನ್ ಜೊತೆ, ಅಥವಾ ನಿಮ್ಮದೇ ಹಳೆಯ ಅಂಕಿ ಜೊತೆ ಹೋಲಿಸಿ. ಕಾರು ಮೊದಲಿಗಿಂತ ಬೇಗ ನಿಲ್ಲುತ್ತಿದ್ದರೆ ಅಗ್ಗದ್ದರಿಂದ ಶುರು ಮಾಡಿ. ಮೊದಲು ಟೈರ್ ಪ್ರೆಶರ್, ಆಮೇಲೆ ಬ್ರೇಕ್, ಆಮೇಲೆ ಚಕ್ರದ ಬೇರಿಂಗ್, ಆಮೇಲೆ ಗೇರ್ ಆಯಿಲ್. ಗೇರ್‌ಬಾಕ್ಸ್ ಬಿಚ್ಚುವುದು ಕೊಟ್ಟಕೊನೆಗೆ.

ಈ ಕ್ರಮ ನನಗೆ ಅನುಭವ ಕಲಿಸಿದ್ದು. ನನ್ನ ಕಾರಿನ ಎಳೆತ ಏಕಾಏಕಿ ಜಾಸ್ತಿ ಆಗಿತ್ತು. ಒಂದು ಗ್ಯಾರೇಜ್‌ನಲ್ಲಿ ಗೇರ್‌ಬಾಕ್ಸ್ ಒಳಗಿನ ಬೇರಿಂಗ್ ಹೋಗಿದೆ, ಇಳಿಸಬೇಕು ಅಂದರು. ಮನಸ್ಸು ಒಪ್ಪಲಿಲ್ಲ. ಬೆಳಗ್ಗೆ ಖಾಲಿ ರಸ್ತೆಯಲ್ಲಿ ಆದಷ್ಟು ಬ್ರೇಕ್ ಹಿಡಿಯದೆ ಹತ್ತು ನಿಮಿಷ ಓಡಿಸಿ, ನಿಧಾನ ಮಾಡಿ, ನಿಲ್ಲಿಸಿ ನಾಲ್ಕೂ ಡಿಸ್ಕ್‌ಗೆ ಥರ್ಮಾಮೀಟರ್ ಹಿಡಿದೆ. ಮುಂದಿನ ಬಲಗಡೆಯ ಡಿಸ್ಕ್‌ಗಿಂತ ಎಡಗಡೆಯದು ಹೆಚ್ಚು ಕಡಿಮೆ ದುಪ್ಪಟ್ಟು ಬಿಸಿ. ಚಕ್ರ ಬಿಚ್ಚಿ ನೋಡಿದರೆ ಕ್ಯಾಲಿಪರ್‌ನ (ಡಿಸ್ಕ್‌ಗೆ ಪ್ಯಾಡ್ ಒತ್ತುವ ಭಾಗ) ಸ್ಲೈಡ್ ಪಿನ್ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಕೈಯಿಂದ ಎಳೆದರೆ ಬರಲಿಲ್ಲ. ಒಳಗಿನ ಪ್ಯಾಡ್ ಸವೆದು ಹೊರಗಿನದರ ಅರ್ಧ ದಪ್ಪ ಮಾತ್ರ ಉಳಿದಿತ್ತು. ಪಿನ್ ತೊಳೆದು, ಬ್ರೇಕ್‌ಗೇ ಅಂತ ಸಿಗುವ ಗ್ರೀಸ್ ಹಚ್ಚಿ, ರಬ್ಬರ್ ಬೂಟ್ ಬದಲಿಸಿದೆ. ಮುಂದಿನ ಡೈನೋ ದಿನ ಎಳೆತ ಹಳೆಯ ಅಂಕಿಗೇ ಬಂದು ನಿಂತಿತು. ಗೇರ್‌ಬಾಕ್ಸ್‌ಗೆ ಯಾರೂ ಕೈ ಹಾಕಲಿಲ್ಲ.

ಡಿಸ್ಕ್‌ಗೆ ಬೆರಳು ಇಟ್ಟು ನೋಡಬೇಡಿ, ಚರ್ಮ ಅಂಟಿಕೊಳ್ಳುವಷ್ಟು ಬಿಸಿ ಇರುತ್ತದೆ. ಹೊಳೆಯುವ ಲೋಹದ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಕಡಿಮೆ ತೋರಿಸುತ್ತದೆ, ಹಾಗಾಗಿ ಅಂಕಿಗಿಂತ ಎಡ-ಬಲದ ವ್ಯತ್ಯಾಸವನ್ನೇ ನಂಬಿ.

ಕೆಲವು ಸೂಚನೆ ಕಂಡರೆ ಡೈನೋ ಕೆಲಸ ಅಲ್ಲಿಗೇ ನಿಲ್ಲಿಸಿ ಕಾರನ್ನು ಲಿಫ್ಟ್ ಮೇಲೆ ಹಾಕಿಸಿ. ವೇಗದ ಜೊತೆ ಏರುವ ಗುಂಯ್ ಸದ್ದು, ಅದು ನ್ಯೂಟ್ರಲ್‌ನಲ್ಲೂ ನಿಲ್ಲದಿದ್ದರೆ ಬೇರಿಂಗ್ ಕಡೆ ನೋಡಿ. ಸುಟ್ಟ ಕ್ಲಚ್ ವಾಸನೆ. ಗೇರ್ ಆಯಿಲ್ ತೆಗೆದಾಗ ಮ್ಯಾಗ್ನೆಟ್ ಮೇಲೆ ನುಣ್ಣನೆ ಕಪ್ಪು ಹಿಟ್ಟು ಇದ್ದರೆ ಅದು ಮಾಮೂಲಿ ಸವೆತ. ಬೆರಳಿಗೆ ಚುಚ್ಚುವ ಲೋಹದ ಚೂರು ಸಿಕ್ಕರೆ ಆ ಕಾರನ್ನು ಮತ್ತೆ ರೋಲರ್‌ಗೆ ಹತ್ತಿಸಬೇಡಿ.